ಮುಚ್ಚಿದ ವಾರ್ಡಿನ ಬೆಳಕು: ಪಾಳು ಆಸ್ಪತ್ರೆಯ ಫೋಟೋ ತೆಗೆಯುವ ಬಗೆ, ಕಾರವಾರದಿಂದ ಶಿರಸಿಯವರೆಗೆ

ಪಾಳು ಬಿದ್ದ ಮಾನಸಿಕ ಆಸ್ಪತ್ರೆಗಳ ಫೋಟೋಗಳನ್ನು ಸಾಲಾಗಿ ಇಟ್ಟು ನೋಡಿ. ಮೈ ಜುಮ್ಮೆನ್ನಿಸುವ ಆ ಪಡಸಾಲೆಗಳಲ್ಲಿ ಕತ್ತಲಿಗಿಂತ ಬೆಳಕೇ ಹೆಚ್ಚು. ಆಳೆತ್ತರದ ಕಿಟಕಿಗಳು, ಆ ತುದಿಯ ಬಾಗಿಲು ಬೆಂಕಿಪೊಟ್ಟಣದಷ್ಟೇ ಕಾಣುವ ಓಣಿ, ಎದ್ದ ಬಣ್ಣದ ಮೇಲೆ ಓರೆಯಾಗಿ ಬಿದ್ದ ಬಿಸಿಲು. ಕಟ್ಟಿದವರೇ ಹಾಗೆ ಕಟ್ಟಿದ್ದರು. ಅಮೆರಿಕದ ವೈದ್ಯ ಥಾಮಸ್ ಸ್ಟೋರಿ ಕರ್ಕ್‌ಬ್ರೈಡ್ 19ನೇ ಶತಮಾನದ ನಡುವಿನಲ್ಲಿ ರೂಢಿಗೆ ತಂದ ನಕ್ಷೆಯಲ್ಲಿ ನಟ್ಟನಡುವೆ ಕಚೇರಿ, ಅದರ ಎರಡೂ ಬದಿಗೆ ಮೆಟ್ಟಿಲು ಮೆಟ್ಟಿಲಾಗಿ ಹಿಂದೆ ಸರಿಯುತ್ತ ಹೋಗುವ ವಾರ್ಡುಗಳು. ಒಂದರ ಗಾಳಿ ಬೆಳಕಿಗೆ ಇನ್ನೊಂದು ಅಡ್ಡ ಬರಬಾರದು ಎಂಬುದು ಲೆಕ್ಕ. ಗಾಳಿ, ಬೆಳಕು, ಕಿಟಕಿಯಾಚೆಯ ಹಸಿರು, ಇವೇ ಅರ್ಧ ಔಷಧ ಎಂದು ನಂಬಿದ್ದ ಕಾಲ.

ಇದೇ ನಕ್ಷೆಯ ಒಂದು ಆಸ್ಪತ್ರೆ ವೆಸ್ಟ್ ವರ್ಜೀನಿಯಾದ ವೆಸ್ಟನ್ ಊರಿನಲ್ಲಿ 1864ರಲ್ಲಿ ಶುರುವಾಯಿತು. ಕಟ್ಟಿದ್ದು 250 ಜನರಿಗೆ. 1950ರ ದಶಕದಲ್ಲಿ ಅದರೊಳಗೆ ಸುಮಾರು 2,400 ಜನ ಇದ್ದರು. 1994ರಲ್ಲಿ ಮುಚ್ಚಿತು. ಇಂಥ ಕಟ್ಟಡಗಳ ಚೆಲುವೂ ದಿಗಿಲೂ ಆ ಎರಡು ಅಂಕಿಗಳ ನಡುವೆಯೇ ಇದೆ. 250 ಜನರಿಗೆಂದು ಬಿಟ್ಟ ಬೆಳಕು, 2,400 ಜನ ಓಡಾಡಿದ ಸವೆತ. ಎರಡೂ ಒಂದೇ ಚೌಕಟ್ಟಿನಲ್ಲಿ ಸಿಕ್ಕರೆ ಫೋಟೋ ಆಯಿತು. ಬರೀ ಬೆಳಕು ಸಿಕ್ಕರೆ ಕ್ಯಾಲೆಂಡರ್, ಬರೀ ಸವೆತ ಸಿಕ್ಕರೆ ಗುಜರಿ.

ನಮ್ಮ ಜಿಲ್ಲೆಯಲ್ಲಿ ಅಂಥ ಕಟ್ಟಡ ಹುಡುಕಿ ಹೊರಡುವುದು ಬೇಡ. 1862ರಿಂದ 1956ರವರೆಗೆ ಉತ್ತರ ಕನ್ನಡ ಮುಂಬೈ ಆಡಳಿತದಲ್ಲಿತ್ತು. ಆ ಕಾಲದ ಸರ್ಕಾರಿ ಮಾನಸಿಕ ಆಸ್ಪತ್ರೆ ಹತ್ತಿರದಲ್ಲಿದ್ದದ್ದು ಘಟ್ಟದ ಮೇಲೆ ಧಾರವಾಡದಲ್ಲಿ, ಕರಾವಳಿಗುಂಟ ಹೋದರೆ ರತ್ನಾಗಿರಿಯಲ್ಲಿ. ಎರಡೂ ಇವತ್ತಿಗೂ ರೋಗಿಗಳನ್ನು ನೋಡುವ ಆಸ್ಪತ್ರೆಗಳು, ಅಲ್ಲಿ ಹಳೆ ಗೋಡೆಯ ಆಸೆಗೆ ಕ್ಯಾಮೆರಾ ಹಿಡಿದು ಸುಳಿಯಬಾರದು. ಕಾರವಾರದಿಂದ ಭಟ್ಕಳದವರೆಗೆ, ಮೇಲೆ ಶಿರಸಿ, ಸಿದ್ದಾಪುರದ ಕಡೆಗೆ ಕೆಲಸ ಕಲಿಯಲು ಬೇರೆ ಕಟ್ಟಡಗಳಿವೆ: ಹೊಸ ಕಟ್ಟಡಕ್ಕೆ ಹೋದ ಮೇಲೆ ಬೀಗ ಬಿದ್ದ ದವಾಖಾನೆ, ಬಳಕೆಗೆ ಯೋಗ್ಯವಲ್ಲ ಎಂದು ಕಂಡಮ್ ಮಾಡಿದ ವಾರ್ಡು, ಡಾಕ್ಟರ್ ಕ್ವಾರ್ಟರ್ಸು, ಹಳೆ ಐಬಿ (ಪ್ರವಾಸಿ ಬಂಗಲೆ). ಚಿರೆಕಲ್ಲಿನ ಗೋಡೆ, ಮಂಗಳೂರು ಹಂಚು, ಸುತ್ತ ಜಗುಲಿ. ಅಲ್ಲಿ ಕೈ ಪಳಗಿದವರು ಮುಂದೆ ಎಲ್ಲಿಗೆ ಹೋದರೂ ತೊಂದರೆಯಿಲ್ಲ.

ಬೀಗದ ಕೈ ಯಾರ ಹತ್ತಿರ

ಬಾಗಿಲು ಮುರಿದಿದೆ ಅಂದಮಾತ್ರಕ್ಕೆ ಕಟ್ಟಡಕ್ಕೆ ಯಜಮಾನರಿಲ್ಲ ಅಂತಲ್ಲ. ಭಾರತೀಯ ನ್ಯಾಯ ಸಂಹಿತೆಯ 329ನೇ ಕಲಂ ಅತಿಕ್ರಮ ಪ್ರವೇಶದ ಬಗ್ಗೆಯೇ ಇದೆ. ಮೊದಲು ಸರ್ವೆ ನಂಬರ್ ಹಿಡಿದು ಕಂದಾಯ ಇಲಾಖೆಯ ‘ಭೂಮಿ’ ಜಾಲತಾಣದಲ್ಲಿ ಪಹಣಿ ತೆಗೆಯಿರಿ. ಆರೋಗ್ಯ ಇಲಾಖೆ ಅಂತ ಇದ್ದರೆ ತಾಲೂಕು ಆರೋಗ್ಯಾಧಿಕಾರಿ, ಲೋಕೋಪಯೋಗಿ ಅಂತ ಇದ್ದರೆ ಅಲ್ಲಿನ ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್, ಅರಣ್ಯ ಅಂತ ಬಂದರೆ ವಲಯ ಅರಣ್ಯಾಧಿಕಾರಿ. ನಮ್ಮಲ್ಲಿ ಮೂರನೆಯದೇ ಜಾಸ್ತಿ ಎದುರಾಗುವುದು.

ಅರ್ಜಿ ಒಂದು ಪುಟ ಮೀರಬಾರದು. ಯಾವ ದಿನ, ಎಷ್ಟರಿಂದ ಎಷ್ಟು ಗಂಟೆ, ಎಷ್ಟು ಜನ, ಯಾವ ಉದ್ದೇಶಕ್ಕೆ. ಒಳಗಿನ ವಸ್ತು ಕದಲಿಸುವುದಿಲ್ಲ, ದಾಖಲೆ ಮುಟ್ಟುವುದಿಲ್ಲ, ಅಪಾಯವಾದರೆ ಹೊಣೆ ನಮ್ಮದು. ಕೊನೆಯ ಮಾತು ಬರೆಯದಿದ್ದರೆ ಯಾವ ಅಧಿಕಾರಿಯೂ ಸಹಿ ಹಾಕುವ ಧೈರ್ಯ ಮಾಡುವುದಿಲ್ಲ. ಎರಡು ಪ್ರತಿ ಒಯ್ಯಿರಿ, ನಿಮ್ಮ ಪ್ರತಿಯ ಮೇಲೆ ಸೀಲು, ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ. ನಕ್ಷೆ ಬೇಕಿದ್ದರೆ ಮಾಹಿತಿ ಹಕ್ಕಿನಡಿ ಕೇಳಬಹುದು: 10 ರೂಪಾಯಿ ಶುಲ್ಕ, ಒಂದೇ ವಿಷಯ, 150 ಶಬ್ದದೊಳಗೆ, ಉತ್ತರಕ್ಕೆ 30 ದಿನ. ‘ಎಲ್ಲಾ ಮಾಹಿತಿ ಕೊಡಿ’ ಎಂದು ಬರೆದ ಅರ್ಜಿ ಹಾಗೆಯೇ ವಾಪಸು ಬರುತ್ತದೆ. ‘ಕಟ್ಟಡದ ನಕ್ಷೆ, ಕಟ್ಟಿದ ವರ್ಷ, ಕಂಡಮ್ ಆದೇಶದ ಪ್ರತಿ’ ಎಂದು ಕೇಳಿ.

ಕಾಗದ ಸಿಕ್ಕ ಮೇಲೂ ಅಲ್ಲಿನ ಹಳೆ ವಾಚ್‌ಮನ್ ಅಥವಾ ಆಯಾ ಯಾರೆಂದು ಅಕ್ಕಪಕ್ಕದ ಚಹಾದ ಅಂಗಡಿಯಲ್ಲಿ ವಿಚಾರಿಸಿ. ಯಾವ ಕೋಣೆಯಲ್ಲಿ ನೆಲ ಕುಸಿದಿದೆ, ಬಾವಿ ಎಲ್ಲಿದೆ, ಇದೆಲ್ಲ ಅಧಿಕಾರಿಗೆ ಗೊತ್ತಿರುವುದಿಲ್ಲ. ‘ಅಕ್ಕೋರೇ, ಮಂಚ ಎಲ್ಲಿಂದ ಎಲ್ಲಿಯವರೆಗೆ ಇದ್ದವು?’ ಎಂಬ ಒಂದೇ ಪ್ರಶ್ನೆಗೆ ಅರ್ಧ ಕಟ್ಟಡದ ಚರಿತ್ರೆ ಬಿಚ್ಚಿಕೊಳ್ಳುತ್ತದೆ.

ಕಾರವಾರ ಸುತ್ತಿನವರು ಇನ್ನೊಂದು ನೆನಪಿಡಬೇಕು. ಅರಗಾ ಕಡೆಯ ನೌಕಾನೆಲೆ, ಮೇಲೆ ಕೈಗಾ ಅಣುಸ್ಥಾವರ, ಇವುಗಳ ಆಸುಪಾಸಿನಲ್ಲಿ ಕ್ಯಾಮೆರಾ ಎತ್ತುವುದೇ ಬೇಡ, ಹಿನ್ನೆಲೆಯಲ್ಲಿ ಬಂದರೂ ತಕರಾರು. ಡ್ರೋನ್ ಒಯ್ಯುವವರು ಮನೆಯಲ್ಲೇ ಸರ್ಕಾರದ ಡ್ರೋನ್ ತಾಣವಾದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಆ ಜಾಗ ಯಾವ ಬಣ್ಣದಲ್ಲಿದೆ ನೋಡಿ. ಕೆಂಪಿದ್ದರೆ ಡ್ರೋನ್ ಮನೆಯಲ್ಲೇ ಇರಲಿ.

ಯಾವ ತಿಂಗಳು, ಯಾವ ತಾಸು

ಮಳೆಗಾಲದಲ್ಲಿ ಹೋಗಬಾರದು ಎನ್ನುವುದಕ್ಕೆ ಕಾರಣ ನೆನೆಯುವುದಲ್ಲ. ಹಂಚಿನ ಕಟ್ಟಡ ಬೀಳುವ ಕ್ರಮ ಗೊತ್ತಿದ್ದರೆ ಅರ್ಥವಾಗುತ್ತದೆ. ಮೊದಲು ಒಂದು ಹಂಚು ಒಡೆಯುತ್ತದೆ, ಸಾಮಾನ್ಯವಾಗಿ ಮಂಗನ ಕಾಲಿಗೋ ತೆಂಗಿನ ಹೆಡೆಗೋ. ಅಲ್ಲಿ ಇಳಿದ ನೀರು ಹಂಚು ಕೂರುವ ಮರದ ಪಟ್ಟಿಯನ್ನು, ಅಂದರೆ ರೀಪನ್ನು, ಕೊಳೆಸುತ್ತದೆ. ರೀಪು ಹೋದರೆ ಸುತ್ತಲಿನ ಹತ್ತು ಹಂಚು ಜಾರುತ್ತವೆ, ಆಮೇಲೆ ರೀಪನ್ನು ಹೊತ್ತ ಪಕಾಸು, ಆಮೇಲೆ ತೊಲೆ. ಮಾಡು ಹೋದ ಮೇಲೆ ಗೋಡೆಯ ತಲೆ ಬಯಲಿಗೆ ಬೀಳುತ್ತದೆ. ಒಳಗೆ ಮಣ್ಣಿನ ಗಾರೆ ಇದ್ದರೆ ಮಳೆ ಅದನ್ನು ಮೇಲಿಂದಲೇ ತೊಳೆದುಕೊಂಡು ಹೋಗುತ್ತದೆ. ಚಿರೆಕಲ್ಲು ನೀರು ಕುಡಿದು ಭಾರವಾಗಿ ನಿಂತಿರುತ್ತದೆ, ಕೆಳಗೆ ಹಿಡಿದಿಡಲು ಗಾರೆ ಇಲ್ಲ. ಜುಲೈ, ಆಗಸ್ಟಿನಲ್ಲಿ ಗೋಡೆ ಕೂರುವುದು ಹೀಗೆ, ಗಾಳಿ ಮಳೆ ಏನೂ ಇಲ್ಲದ ಮಧ್ಯಾಹ್ನದಲ್ಲೂ.

ಆರ್‌ಸಿಸಿ ಕಟ್ಟಡದ ಕತೆ ಬೇರೆ. ಉಪ್ಪುಗಾಳಿ ಒಳಗಿನ ಸರಳಿಗೆ ತುಕ್ಕು ಹಿಡಿಸುತ್ತದೆ. ತುಕ್ಕು ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಮಿಕ್ಕಿ ಜಾಗ ಬೇಡುತ್ತದೆ. ಒಳಗಿಂದ ಒತ್ತಿ ಕಾಂಕ್ರೀಟನ್ನು ಸೀಳುತ್ತದೆ. ಸ್ಲ್ಯಾಬಿನ ಅಡಿಯಲ್ಲಿ ಸರಳಿನ ಗುಂಟ ಕಂದು ಗೆರೆ ಕಂಡರೆ, ಆ ಗೆರೆಯ ಕೆಳಗೆ ಟ್ರೈಪಾಡ್ ಹಾಕಬೇಡಿ. ನಮ್ಮ ಕರಾವಳಿಯಲ್ಲಿ 1970ರ ಸ್ಲ್ಯಾಬಿಗಿಂತ ಅದರ ಪಕ್ಕದ ನೂರು ವರ್ಷದ ಹಂಚಿನ ಮಾಡೇ ಎಷ್ಟೋ ಸಲ ನಂಬಿಗಸ್ತ.

ಒಳ್ಳೆಯ ಕಾಲ ಅಕ್ಟೋಬರ್ ಕೊನೆಯಿಂದ ಡಿಸೆಂಬರ್ ಅರ್ಧದವರೆಗೆ. ಗೋಡೆ ಒಣಗಿರುತ್ತದೆ, ಹಾವಸೆ ಇನ್ನೂ ಹಸಿರಾಗಿರುತ್ತದೆ. ಫೆಬ್ರವರಿಗೆ ಅದೇ ಹಾವಸೆ ಕಪ್ಪು ಸಿಪ್ಪೆಯಾಗಿ ಗೋಡೆಗೆ ಬರೀ ಕೊಳೆ ಮೆತ್ತಿದ ಹಾಗೆ ಕಾಣುತ್ತದೆ.

ತಾಸಿನ ಲೆಕ್ಕಕ್ಕೆ ಸ್ವಲ್ಪ ಗಣಿತ ಬೇಕು. ಕಿಟಕಿಯ ತಲೆ ನೆಲದಿಂದ 7 ಅಡಿ ಇದ್ದು, ಸೂರ್ಯ ದಿಗಂತದಿಂದ 20 ಡಿಗ್ರಿ ಮೇಲಿದ್ದು ನೇರ ಎದುರಿಗೇ ಇದ್ದರೆ ಬಿಸಿಲು ಸುಮಾರು 19 ಅಡಿ ಒಳಗೆ ಬರುತ್ತದೆ, ಅಂದರೆ ಮಾಮೂಲಿ ವಾರ್ಡಿನ ಆಚೆ ಗೋಡೆಯನ್ನೇ ಮುಟ್ಟುತ್ತದೆ. ಡಿಸೆಂಬರ್‌ನಲ್ಲಿ ಇದು ಸೂರ್ಯ ಮುಳುಗುವ ಒಂದೂವರೆ ತಾಸು ಮೊದಲು. ಆದರೆ ನಮ್ಮ ಕಟ್ಟಡಗಳಿಗೆ ಜಗುಲಿ ಇದೆ, ಜಗುಲಿಯ ಮಾಡು ತಗ್ಗಿಗೆ ಇಳಿದಿರುತ್ತದೆ. ಅದು 20 ಡಿಗ್ರಿಯ ಬಿಸಿಲನ್ನು ಹೊರಗೇ ತಡೆದುಬಿಡುತ್ತದೆ. ಹಾಗಾಗಿ ಜಗುಲಿ ಇರುವ ಕಟ್ಟಡದಲ್ಲಿ ಕೊನೆಯ ಮುಕ್ಕಾಲು ತಾಸೇ ಕೆಲಸದ ಹೊತ್ತು. ಸೂರಿನ ಅಡಿಯಿಂದ ಬೆಳಕು ನುಸುಳಿ ಬಂದು ಇಡೀ ವಾರ್ಡು ಇಪ್ಪತ್ತು ನಿಮಿಷ ತಾಮ್ರದ ಬಣ್ಣಕ್ಕೆ ತಿರುಗುತ್ತದೆ, ಆಮೇಲೆ ಮುಗಿಯಿತು. ಕಡಲ ಕಡೆ ಬಯಲಿರುವ ಕಾರವಾರ, ಅಂಕೋಲಾ, ಹೊನ್ನಾವರದಲ್ಲಿ ಇದು ಸಿಗುತ್ತದೆ. ಶಿರಸಿ ಸೀಮೆಯಲ್ಲಿ ಗುಡ್ಡ, ಮರ ಅಡ್ಡ. ಅಲ್ಲಿ ಸಂಜೆಗೆ ಕಾಯಬೇಡಿ. ಬೆಳಿಗ್ಗೆ ಮಂಜು ಕರಗುವ ಎಂಟು, ಎಂಟೂವರೆ ಹೊತ್ತಿನ ಹಾಲುಬೆಳಕು ಅಲ್ಲಿನ ಆಸ್ತಿ.

ಕಾಲಿಗೆ, ಮೂಗಿಗೆ, ಕೈಗೆ

ಕನಿಷ್ಠ ಮೂವರು ಹೋಗಬೇಕು. ಒಬ್ಬರು ಬಿದ್ದರೆ ಒಬ್ಬರು ಜೊತೆಗೆ ಕೂರಲು, ಒಬ್ಬರು ನೆಟ್‌ವರ್ಕ್ ಸಿಗುವ ಜಾಗಕ್ಕೆ ಓಡಲು. 108 ಎಲ್ಲಿಗೆ ಬರಬೇಕು ಎಂಬುದನ್ನು, ಅಂದರೆ ರಸ್ತೆಯ ಹೆಸರು, ಹತ್ತಿರದ ದೇವಸ್ಥಾನ ಅಥವಾ ಶಾಲೆ, ಮೊದಲೇ ಚೀಟಿಯಲ್ಲಿ ಬರೆದು ಮೂವರ ಜೇಬಿನಲ್ಲೂ ಇಟ್ಟುಕೊಳ್ಳಿ.

ಮೊಳೆ ಚುಚ್ಚಲಾಗದ ದಪ್ಪ ಅಟ್ಟೆಯ, ಗೆಣ್ಣು ಮುಚ್ಚುವ ಬೂಟು. ಹೆಲ್ಮೆಟ್. ಚರ್ಮದ ಕೈಗವಸು. ಎರಡು ಟಾರ್ಚು. ಎನ್95 ಮಾಸ್ಕ್ ತಲಾ ಎರಡು. ಬಾವಲಿಯ ಹಿಕ್ಕೆ ಒಣಗಿ ಪುಡಿಯಾದಾಗ ಅದರ ಶಿಲೀಂಧ್ರ ಶ್ವಾಸಕೋಶಕ್ಕೆ ಇಳಿಯಬಹುದು, ಕರವಸ್ತ್ರ ಅದಕ್ಕೆ ಸಾಲದು. ಮುರಿದ ಸಿಮೆಂಟ್ ಶೀಟು ಬಿದ್ದಲ್ಲಿ ಅದನ್ನು ತುಳಿದು ಪುಡಿ ಮಾಡಬೇಡಿ, ಹಳೆಯ ಶೀಟಿನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತದೆ. ನಿಂತ ನೀರಿಗೆ ಗಾಯದ ಕಾಲು ಇಟ್ಟರೆ ಇಲಿಜ್ವರದ ಭಯ. ಸಿದ್ದಾಪುರ ಕಡೆಯ ಕಾಡಂಚಿನಲ್ಲಿ ಡಿಸೆಂಬರ್‌ನಿಂದ ಮೇವರೆಗೆ ಉಣುಗಿನ ಕಾಲ, ಮಂಗನ ಕಾಯಿಲೆಯ ಕಾಲ. ಆರೋಗ್ಯ ಇಲಾಖೆ ಹಂಚುವ ಡೆಪಾ ತೈಲ ಹಚ್ಚಿಕೊಂಡು ಹೋಗಿ, ಸತ್ತ ಮಂಗ ಕಂಡರೆ ಆ ದಿನದ ಕೆಲಸ ಬಿಟ್ಟು ಇಲಾಖೆಗೆ ತಿಳಿಸಿ.

ಬಿದ್ದ ಹಂಚಿನ ರಾಶಿಯನ್ನು ಕೈಯಿಂದ ಎತ್ತಬೇಡಿ, ಕೊಳಕುಮಂಡಲಕ್ಕೆ ಅದಕ್ಕಿಂತ ತಂಪಾದ ಮನೆ ಇಲ್ಲ. ಹೆಜ್ಜೇನು ತೊಲೆಗೆ ಕಟ್ಟಿದ್ದರೆ ಆ ಕೋಣೆಯಲ್ಲಿ ಫ್ಲ್ಯಾಶ್ ಇಲ್ಲ, ಹೊಗೆ ಇಲ್ಲ, ಅತ್ತರೂ ಇಲ್ಲ. ಸೊಪ್ಪು ಮುಚ್ಚಿದ ಬಾವಿ, ಸೆಪ್ಟಿಕ್ ಗುಂಡಿಯ ಮುರುಕಲು ಹಾಸು ಎರಡೂ ಕಟ್ಟಡದ ಹಿಂಬದಿಯಲ್ಲಿ ಇದ್ದೇ ಇರುತ್ತವೆ. ಕೋಲು ಊರಿ ಗಟ್ಟಿ ನೆಲ ಎಂದು ಖಾತ್ರಿಯಾದ ಮೇಲೆ ಕಾಲಿಡಿ. ಮರದ ಮೆತ್ತು, ಅಂದರೆ ಮಹಡಿ, ಇದ್ದರೆ ಸ್ಕ್ರೂಡ್ರೈವರ್ ತೊಲೆಗೆ ಚುಚ್ಚಿ ನೋಡಿ: ಅರ್ಧ ಇಂಚು ಸಲೀಸಾಗಿ ಹೋದರೆ ಒಳಗೆ ಒರಲೆ ತಿಂದು ಮುಗಿಸಿದೆ. ಹತ್ತುವುದು ಬೇಡ.

ಆಸ್ಪತ್ರೆಗೇ ಸೇರಿದ ಅಪಾಯ ಇನ್ನೊಂದಿದೆ. ಬ್ರೆಜಿಲಿನ ಗೊಯಾನಿಯಾದಲ್ಲಿ 1987ರ ಸೆಪ್ಟೆಂಬರ್‌ನಲ್ಲಿ ಪಾಳು ಬಿದ್ದ ರೇಡಿಯೊಥೆರಪಿ ಕೇಂದ್ರದಿಂದ ಇಬ್ಬರು ಗುಜರಿಗೆಂದು ಯಂತ್ರದ ಭಾಗ ಬಿಚ್ಚಿ ಒಯ್ದರು. ಅದರೊಳಗಿದ್ದದ್ದು ಸೀಸಿಯಂ-137. ಕತ್ತಲಲ್ಲಿ ನೀಲಿಯಾಗಿ ಹೊಳೆಯುವ ಆ ಪುಡಿಯನ್ನು ಚೆಂದವೆಂದು ಮನೆಮನೆಗೆ ಹಂಚಿದರು. ನಾಲ್ವರು ಸತ್ತರು. ತಾಲೂಕು ದವಾಖಾನೆಯ ಎಕ್ಸ್‌ರೇ ಯಂತ್ರ ಕರೆಂಟಿಲ್ಲದೆ ವಿಕಿರಣ ಬಿಡುವುದಿಲ್ಲ ನಿಜ, ಆದರೂ ಸೀಸದ ಪೆಟ್ಟಿಗೆ, ಮೂರೆಲೆಯ ಹಳದಿ ಗುರುತು, ಬಿಪಿ ಯಂತ್ರದಿಂದ ಸುರಿದ ಪಾದರಸ, ಸೀಲಾದ ಬಾಟಲಿ, ಸೂಜಿ, ಇವನ್ನು ದೂರದಿಂದಲೇ ಚಿತ್ರ ತೆಗೆಯಿರಿ.

ಮೊದಲ ಅರ್ಧ ತಾಸು ಕ್ಯಾಮೆರಾ ಚೀಲದಲ್ಲಿ

ಬಾಗಿಲಲ್ಲಿ ನಿಂತು ಕಣ್ಣು ಒಗ್ಗುವವರೆಗೆ ಕಾಯಿರಿ. ಆಮೇಲೆ ಗೋಡೆಯಂಚಿಗೇ ನಡೆದು ಒಂದು ಸುತ್ತು, ಕೈಯಲ್ಲಿ ಚೌಕದ ಹಾಳೆಯ ನೋಟ್‌ಬುಕ್. ಒಂದು ಚೌಕಕ್ಕೆ ಒಂದು ಹೆಜ್ಜೆ ಎಂದು ಇಟ್ಟುಕೊಂಡು ಕೋಣೆ, ಬಾಗಿಲು, ಕಿಟಕಿ ಗುರುತು ಹಾಕಿ, ಉತ್ತರ ದಿಕ್ಕಿನ ಬಾಣ ಹಾಕಿ. ಫೋಟೋ ನಂಬರ್ ಆಮೇಲೆ ಇದೇ ನಕ್ಷೆಯ ಮೇಲೆ ಬರೆಯುವುದು. ನಕ್ಷೆ ಇಲ್ಲದ ಇನ್ನೂರು ಫೋಟೋಗಳನ್ನು ಎರಡು ವರ್ಷದ ನಂತರ ತೆರೆದರೆ ಯಾವ ಕಿಟಕಿ ಯಾವ ವಾರ್ಡಿನದು ಎಂದು ತೆಗೆದವರಿಗೂ ತಿಳಿಯುವುದಿಲ್ಲ.

ಈ ಸುತ್ತಿನಲ್ಲಿ ನೋಡಬೇಕಾದದ್ದು ನೆಲ. ರೆಡ್ ಆಕ್ಸೈಡ್ ನೆಲದ ಧೂಳನ್ನು ಮೃದುವಾಗಿ ಊದಿದರೆ ನಾಣ್ಯದಗಲದ ಕಂದು ಉಂಗುರಗಳು ಕಾಣುತ್ತವೆ. ಅವು ಕಬ್ಬಿಣದ ಮಂಚದ ಕಾಲಿನವು. ನೆಲ ಒರೆಸಿದ ನೀರು ಕಾಲಿನ ಸುತ್ತ ನಿಂತು, ತುಕ್ಕು ಇಳಿದು, ವರ್ಷಗಟ್ಟಲೆ ಅಲ್ಲೇ ಕೂತ ಗುರುತು. ನಾಲ್ಕು ಉಂಗುರಕ್ಕೆ ಒಂದು ಮಂಚ. ಟೇಪು ಹಿಡಿದು ಎರಡು ಮಂಚದ ನಡುವಿನ ಅಂತರ ಅಳೆಯಿರಿ. ಮೂರಡಿ ಇದ್ದರೆ ನರ್ಸು ನಡುವೆ ನಿಂತು ಕೆಲಸ ಮಾಡಿರಬಹುದು. ಒಂದೂವರೆ ಅಡಿ ಇದ್ದರೆ ಯಾರದೋ ಲೆಕ್ಕ ಮೀರಿ ಜನ ತುಂಬಿದ್ದರು. ಕೆಲವು ಕಡೆ ಒಂದು ಜೊತೆ ಉಂಗುರದ ಮೇಲೆಯೇ ಇನ್ನೊಂದು ಜೊತೆ ಬಿದ್ದಿರುತ್ತದೆ: ಮೊದಲು ವಿರಳವಾಗಿದ್ದ ಮಂಚಗಳನ್ನು ಆಮೇಲೆ ಒತ್ತೊತ್ತಾಗಿ ಸರಿಸಿದ್ದಾರೆ. ವೆಸ್ಟನ್‌ನ 250 ಮತ್ತು 2,400 ಇಲ್ಲಿ ನಿಮ್ಮ ಕಾಲಬುಡದಲ್ಲೇ ಇದೆ. ಇದರ ಫೋಟೋ ನೇರ ಮೇಲಿಂದ, ಟೇಪು ಚೌಕಟ್ಟಿನೊಳಗೆ ಕಾಣುವ ಹಾಗೆ, ಒಂದು. ತಗ್ಗಿನಿಂದ, ಕಿಟಕಿಯ ಬೆಳಕು ನೆಲದ ಮೇಲೆ ಜಾರುವ ಹಾಗೆ, ಇನ್ನೊಂದು.

ಮಂಚದ ತಲೆ ತಾಗುತ್ತಿದ್ದ ಗೋಡೆಯಲ್ಲಿ ಎರಡರಿಂದ ಮೂರಡಿ ಎತ್ತರಕ್ಕೆ ಎಣ್ಣೆಗಪ್ಪಿನ ಪಟ್ಟೆ ಇರುತ್ತದೆ, ತಲೆಯೊರಗಿಸಿ ಕೂತವರದು. ಬಾಗಿಲ ಚಿಲಕದ ಸುತ್ತ ಸವೆದ ಮರ. ಕಿಟಕಿಯ ಹೊಸ್ತಿಲು ನಡುವೆ ಮಾತ್ರ ನುಣುಪಾಗಿದ್ದರೆ, ಯಾರೋ ಅಲ್ಲಿ ಮೊಣಕೈ ಊರಿ ನಿಲ್ಲುತ್ತಿದ್ದರು ಎಂದರ್ಥ. ಮಾಡಿನಿಂದ ಬಿದ್ದ ಹಂಚನ್ನು ಕೋಲಿನಿಂದ ಮಗುಚಿದರೆ ಕಾರ್ಖಾನೆಯ ಮುದ್ರೆ ಸಿಗುತ್ತದೆ. ಮಂಗಳೂರು ಹಂಚಿನ ಮೊದಲ ಕಾರ್ಖಾನೆಯನ್ನು ಬಾಸೆಲ್ ಮಿಷನ್ 1865ರಲ್ಲಿ ಶುರು ಮಾಡಿತು, ಆದ್ದರಿಂದ ಮಾಡು ಅದಕ್ಕಿಂತ ಹಳೆಯದಲ್ಲ. ಹಂಚಿನ ಮೇಲೆ ಅಚ್ಚಾದ ಇಸವಿ ಕಂಡು ಕಟ್ಟಡದ ವಯಸ್ಸು ಹೇಳಿಬಿಡಬೇಡಿ, ಬಹಳ ಸಲ ಅದು ಕಾರ್ಖಾನೆ ಹುಟ್ಟಿದ ವರ್ಷ.

ಎಕ್ಸ್‌ಪೋಷರ್

ಪಾಳು ಕೋಣೆಯ ಮೊದಲ ತೊಂದರೆ ಕಿಟಕಿಗೂ ಮೂಲೆಗೂ ಇರುವ ಅಂತರ. ಐಎಸ್ಒ (ಸೆನ್ಸರಿನ ಸೂಕ್ಷ್ಮತೆ) 100, ಲೆನ್ಸಿನ ಕಂಡಿ ಎಫ್/8 ಇಟ್ಟರೆ ಕಿಟಕಿಯಾಚೆಯ ಮರಕ್ಕೆ 1/125 ಸೆಕೆಂಡು ಸಾಕು, ಮೂಲೆಯ ಕತ್ತಲಿಗೆ 8 ಸೆಕೆಂಡು ಬೇಕು. ನಡುವೆ ಹತ್ತು ಸ್ಟಾಪು, ಒಂದೊಂದು ಸ್ಟಾಪಿಗೂ ಬೆಳಕು ಎರಡು ಪಟ್ಟು. ಒಂದೇ ಫೋಟೋದಲ್ಲಿ ಹಿಡಿಯಲು ಹೋದರೆ ಕಿಟಕಿ ಬೆಳ್ಳಗೆ ಸುಟ್ಟು ಹೋಗುತ್ತದೆ, ಅಥವಾ ಮೂಲೆಯನ್ನು ಆಮೇಲೆ ಎತ್ತಿದಾಗ ಕಾಳುಕಾಳಾಗುತ್ತದೆ. ಆಮೇಲೆ ಕಂಪ್ಯೂಟರಿನಲ್ಲಿ ಒಂದಾಗಿ ಜೋಡಿಸಲು ಟ್ರೈಪಾಡಿನ ಮೇಲೆ ಆರು ಫೋಟೋ ತೆಗೆಯಿರಿ: 1/125, 1/30, 1/8, 1/2, 2, 8. ಎಫ್/8 ಬದಲಿಸಬೇಡಿ, ಬದಲಿಸಿದರೆ ಫೋಕಸ್ಸಿನ ಆಳ ಬದಲಾಗಿ ಜೋಡಿಸುವಾಗ ಅಂಚು ಎರಡೆರಡಾಗಿ ಕಾಣುತ್ತದೆ. ಫೋಕಸ್ ಮ್ಯಾನುಯಲ್, ಟೈಮರ್ 2 ಸೆಕೆಂಡು, ವೈಟ್ ಬ್ಯಾಲೆನ್ಸ್ ಡೇಲೈಟಿಗೆ ಕಟ್ಟಿಹಾಕಿ. ಆಟೋ ಬಿಟ್ಟರೆ ಕ್ಯಾಮೆರಾ ಹಾವಸೆಯ ಹಸಿರನ್ನು ತಪ್ಪೆಂದು ತಿಳಿದು ಗೋಡೆಗೆ ನೇರಳೆ ಬಳಿಯುತ್ತದೆ.

ಟ್ರೈಪಾಡಿನ ಕಾಲು ಕುಸಿದ ಹಂಚಿನ ಮೇಲೆ ನಿಲ್ಲಬಾರದು. ಎಂಟು ಸೆಕೆಂಡಿನಲ್ಲಿ ಅದು ಕೂದಲೆಳೆಯಷ್ಟು ಜಾರುತ್ತದೆ, ಮನೆಗೆ ಬಂದ ಮೇಲೇ ಗೊತ್ತಾಗುವುದು. ಧೂಳು ಸರಿಸಿ, ಗಟ್ಟಿ ನೆಲ ಕಾಣಿಸಿಕೊಂಡು ಊರಿ. ಮೆತ್ತಿನ ಹಲಗೆ ನೆಲವಾದರೆ ಬಟನ್ ಒತ್ತಿದ ಮೇಲೆ ಯಾರೂ ಹೆಜ್ಜೆ ಎತ್ತಬಾರದು.

ಕ್ಯಾಮೆರಾ ಮೇಲಕ್ಕೋ ಕೆಳಕ್ಕೋ ಬಾಗಿದರೆ ಗೋಡೆಗಳು ಬೀಳುವ ಹಾಗೆ ಕಾಣುತ್ತವೆ. ಹೆದರಿಸಲೆಂದು ಬೇಕೆಂದೇ ಹಾಗೆ ಮಾಡುವವರಿದ್ದಾರೆ, ಅಗ್ಗದ ಉಪಾಯ. ಮಟ್ಟ ಸರಿಯಾಗಿಟ್ಟು, 24 ಮಿ.ಮೀ. ಆಸುಪಾಸಿನ ಲೆನ್ಸಿನಲ್ಲಿ, ಓಣಿಯ ನಡುಗೆರೆಯಲ್ಲಿ ನಿಂತು ತೆಗೆದ ಶಾಂತ ಫೋಟೋದ ಮುಂದೆ ಅದು ನಿಲ್ಲುವುದಿಲ್ಲ. 16 ಮಿ.ಮೀ.ಗೆ ಹೋದರೆ ಚಿಕ್ಕ ದವಾಖಾನೆಯೂ ಅರಮನೆಯಾಗುತ್ತದೆ, ಅದೂ ಸುಳ್ಳೇ.

ಎತ್ತರದ ಬಗ್ಗೆ ಒಂದು ಮಾತು. ಎಲ್ಲರೂ ನಿಂತ ಕಣ್ಣಿನ ಎತ್ತರದಿಂದ, ಅಂದರೆ ಡಾಕ್ಟರು ರೌಂಡ್ಸಿಗೆ ಬಂದ ಎತ್ತರದಿಂದ ತೆಗೆಯುತ್ತಾರೆ. ಪ್ರತಿ ವಾರ್ಡಿನಲ್ಲೂ ಒಂದು ಫೋಟೋವನ್ನು ನೆಲದಿಂದ ಎರಡೂಕಾಲು ಅಡಿ ಎತ್ತರಕ್ಕೆ ಕ್ಯಾಮೆರಾ ಇಳಿಸಿ ತೆಗೆಯಿರಿ. ದಿಂಬಿನ ಮೇಲೆ ತಲೆ ಇಟ್ಟವರ ಎತ್ತರ ಅದು. ಕಿಟಕಿಯಿಂದ ಮರ ಮಾಯವಾಗಿ ಬರೀ ಆಕಾಶ ಉಳಿಯುತ್ತದೆ, ಬಾಗಿಲು ದೂರ ಹೋಗುತ್ತದೆ, ಮಾಡಿನ ಪಕಾಸುಗಳನ್ನು ಎಣಿಸುವಷ್ಟು ಹೊತ್ತು ಸಿಗುತ್ತದೆ.

ಮೊಬೈಲಿನಲ್ಲಿ ತೆಗೆಯುವವರು 0.5 ಲೆನ್ಸು ಬಿಡಿ, ಕತ್ತಲಲ್ಲಿ ಅದು ಅಂಚನ್ನು ಕಲಸುತ್ತದೆ. ಮುಖ್ಯ ಲೆನ್ಸು, ಪ್ರೋ ಮೋಡ್, ರಾ ಫೈಲು (ಮೊಬೈಲು ತಿದ್ದದೆ ಬಿಟ್ಟ ಕಚ್ಚಾ ಫೈಲು), ನೂರಿನ್ನೂರು ರೂಪಾಯಿಯ ಹೋಲ್ಡರ್ ಹಾಕಿದ ಟ್ರೈಪಾಡು. ನೈಟ್ ಮೋಡ್ ಬೇಡ. ಅದು ಮೂಲೆಯ ಕತ್ತಲನ್ನು ಹಗಲು ಮಾಡಿಬಿಡುತ್ತದೆ, ಕೋಣೆಯ ಜೀವವೇ ಹೋಗುತ್ತದೆ.

ಗೋಡೆಯ ಗೀರು ಓದಲು

ಇಟಲಿಯ ವೋಲ್ಟೆರ್ರಾ ಮಾನಸಿಕ ಆಸ್ಪತ್ರೆಯಲ್ಲಿದ್ದ ಒರೆಸ್ತೆ ಫೆರ್ನಾಂಡೊ ನಾನೆತ್ತಿ ಎಂಬವರು ತಮ್ಮ ಅಂಗಿಯ ಬಕಲ್ಲಿನಿಂದ ಅಂಗಳದ ಗೋಡೆಯ ಗಾರೆಯ ಮೇಲೆ ವರ್ಷಗಟ್ಟಲೆ ಕೆತ್ತುತ್ತ ಹೋದರು. ಅಕ್ಷರ, ಚಿತ್ರ, ಅಂಕಿ, ಒಟ್ಟು ಸುಮಾರು 180 ಮೀಟರ್ ಉದ್ದ. 1978ರಲ್ಲಿ ಇಟಲಿಯ 180ನೇ ಕಾನೂನು ಮಾನಸಿಕ ಆಸ್ಪತ್ರೆಗಳನ್ನು ಮುಚ್ಚಲು ಹೇಳಿತು. ಆ ಬಳಿಕ ಆಸ್ಪತ್ರೆ ಪಾಳು ಬಿದ್ದು ಗಾರೆ ಉದುರತೊಡಗಿತು. ಇಂಥ ಗೀರು ನಡುಹಗಲಲ್ಲಿ ಕಣ್ಣಿಗೇ ಬೀಳುವುದಿಲ್ಲ. ನಮ್ಮ ದವಾಖಾನೆಗಳ ಗೋಡೆಯಲ್ಲೂ ಮೊಳೆಯಿಂದ ಎಳೆದ ದಿನದ ಲೆಕ್ಕ, ಮಕ್ಕಳ ಎತ್ತರದ ಗೆರೆ, ಸುಣ್ಣದ ನಾಲ್ಕಾರು ಪದರದ ಕೆಳಗಿನ ಅಕ್ಷರ ಇರಬಹುದು.

ಕೋಣೆಯನ್ನು ಆದಷ್ಟು ಕತ್ತಲು ಮಾಡಿ. ಕ್ಯಾಮೆರಾ ಗೋಡೆಗೆ ನೇರ ಎದುರಿಗೆ, ಎಫ್/8, ಐಎಸ್ಒ 100, 4ರಿಂದ 8 ಸೆಕೆಂಡು. ಇನ್ನೊಬ್ಬರು ಟಾರ್ಚನ್ನು ನಾಲ್ಕೈದು ಅಡಿ ದೂರದಲ್ಲಿ, ಗೋಡೆಗೆ ತಾಗಿದಂತೆಯೇ, 10 ಡಿಗ್ರಿ ಮೀರದ ಓರೆಯಲ್ಲಿ ಹಿಡಿಯಬೇಕು. ಕೈ ಹಗುರಾಗಿ ಮೇಲೆ ಕೆಳಗೆ ಆಡುತ್ತಿರಲಿ, ಇಲ್ಲದಿದ್ದರೆ ಹತ್ತಿರದ ಭಾಗ ಸುಟ್ಟು ದೂರದ್ದು ಕಪ್ಪಾಗುತ್ತದೆ. ಎಡದಿಂದ ಒಂದು, ಬಲದಿಂದ ಒಂದು, ಮೇಲಿಂದ ಒಂದು, ಕೆಳಗಿಂದ ಒಂದು. ಅಡ್ಡಗೀರು ಎಡಬಲದ ಬೆಳಕಿಗೆ ಅಡಗಿಕೊಳ್ಳುತ್ತದೆ, ಮೇಲಿನ ಬೆಳಕಿಗೇ ಏಳುತ್ತದೆ. ಸೀಮೆಸುಣ್ಣ ತಿಕ್ಕಿ ಅಕ್ಷರ ಎಬ್ಬಿಸುವ ಚಾಳಿ ಕೆಲವರಿಗಿದೆ. ಉಪ್ಪು ಹೂತ ಗಾರೆ ಆ ಒತ್ತಡಕ್ಕೇ ಉದುರುತ್ತದೆ, ಹೋದದ್ದು ಹೋಯಿತು.

ಹೆಸರು, ಕಾಗದ, ಅಡಿಬರಹ

ಕೇಸ್ ಪೇಪರು, ರಿಜಿಸ್ಟರು ಬಿದ್ದಿದ್ದರೆ ತೆರೆಯಬೇಡಿ, ಒಯ್ಯಬೇಡಿ. ಚೌಕಟ್ಟಿನಲ್ಲಿ ಬರಲೇಬೇಕಿದ್ದರೆ ಅಕ್ಷರ ಓದಲಾಗದಷ್ಟು ದೂರದಿಂದ ತೆಗೆಯಿರಿ, ಓದಲು ಬಂದರೆ ಹೆಸರು ಮಸುಕು ಮಾಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಂ ರೋಗಿಯ ಗೋಪ್ಯತೆಯ ಹಕ್ಕು, 24ನೆಯದು ಒಪ್ಪಿಗೆಯಿಲ್ಲದೆ ಚಿತ್ರ, ಮಾಹಿತಿಯನ್ನು ಮಾಧ್ಯಮಕ್ಕೆ ಕೊಡುವುದರ ಮೇಲಿನ ತಡೆ. ನ್ಯೂಯಾರ್ಕ್ ರಾಜ್ಯದ ವಿಲ್ಲರ್ಡ್ ಆಸ್ಪತ್ರೆ 1995ರಲ್ಲಿ ಮುಚ್ಚಿದಾಗ ಅಟ್ಟದಲ್ಲಿ ರೋಗಿಗಳ ಸುಮಾರು 400 ಪೆಟ್ಟಿಗೆಗಳು ಸಿಕ್ಕವು. ಅವರ ಪೂರ್ತಿ ಹೆಸರು ಹಾಕಬೇಕೋ ಬೇಡವೋ ಎಂಬ ಜಗ್ಗಾಟ ಅಲ್ಲೇ ನಡೆದಿದೆ. ನಮ್ಮ ಸಣ್ಣ ಊರಿನಲ್ಲಿ ಮನೆತನದ ಹೆಸರೊಂದು ಕಂಡರೆ ಸಾಕು, ಮೊಮ್ಮಕ್ಕಳ ಮದುವೆ ಮಾತುಕತೆಯವರೆಗೂ ಸುದ್ದಿ ತಲುಪುತ್ತದೆ.

ಅಡಿಬರಹದಲ್ಲಿ ‘ಹುಚ್ಚಾಸ್ಪತ್ರೆ’, ‘ದೆವ್ವದ ವಾರ್ಡು’ ಬೇಡ. ‘ಮಹಿಳಾ ವಾರ್ಡು, ಪಶ್ಚಿಮ ಗೋಡೆ, ನವೆಂಬರ್ ಸಂಜೆ 5.20, ಮಂಚದ ಗುರುತು 14’ ಎಂದು ಬರೆದರೆ ನೋಡುವವರಿಗೆ ಬೇಕಾದ ನಡುಕ ತಾನಾಗಿ ಬರುತ್ತದೆ. ಚೀಲದಲ್ಲಿ ತಂದ ಗೊಂಬೆಯನ್ನು ಕಿಟಕಿಯಲ್ಲಿ ಕೂರಿಸುವುದು, ಗಾಲಿಕುರ್ಚಿಯನ್ನು ಓಣಿಯ ನಡುವೆ ಎಳೆದಿಡುವುದು, ಇವನ್ನು ಕಂಡು ಕಂಡು ಸಾಕಾಗಿದೆ ಮಾರಾಯ್ರೆ. ಒಮ್ಮೆ ಕದಲಿಸಿದ ಕುರ್ಚಿ ಎಲ್ಲಿತ್ತು ಎಂಬುದು ಮತ್ತೆ ಯಾರಿಗೂ ತಿಳಿಯುವುದಿಲ್ಲ.

ಜಾಗದ ಕರಾರುವಾಕ್ಕು ವಿಳಾಸ ಹಾಕಬೇಡಿ, ಫೈಲಿನೊಳಗಿನ ಜಿಪಿಎಸ್ ಅಳಿಸಿ. ಸಾಗವಾನಿ ಬಾಗಿಲು, ಮುದ್ರೆಯ ಹಂಚು, ಹಿತ್ತಾಳೆ ಚಿಲಕ ಹುಡುಕುವವರೂ ಇದೇ ಫೋಟೋಗಳನ್ನು ನೋಡುತ್ತಾರೆ.

ಜೋಡಿಸುವಾಗ ಆರು ಫೈಲುಗಳನ್ನು ಸೇರಿಸಿ, ಕಿಟಕಿಯನ್ನು ಸುಡುವ ಹಂತಕ್ಕಿಂತ ತುಸು ಕೆಳಗೆ ಬಿಡಿ, ಮೂಲೆಯನ್ನು ಕತ್ತಲಾಗಿಯೇ ಬಿಡಿ. ಕಿಟಕಿಯ ಚೌಕಟ್ಟಿನ ಸುತ್ತ ಬಿಳಿ ಪ್ರಭಾವಳಿ ಎದ್ದರೆ ಅತಿಯಾಯಿತು, ಅರ್ಧಕ್ಕೆ ಇಳಿಸಿ.

ಮನೆಗೆ ಬಂದ ಮೇಲೆ

ಬಟ್ಟೆ ಬಾಗಿಲ ಹೊರಗೇ ಬಿಚ್ಚಿ ಬಿಸಿನೀರಿಗೆ ಹಾಕಿ, ಮೈಯೆಲ್ಲ ಉಣುಗು ನೋಡಿಕೊಳ್ಳಿ, ಮೊಳಕಾಲ ಹಿಂದೆ, ಸೊಂಟದ ಪಟ್ಟಿಯ ಕೆಳಗೆ ಮುಖ್ಯವಾಗಿ. ಮೊಳೆ ತಾಗಿದ್ದರೆ ಸೋಪುನೀರಲ್ಲಿ ತೊಳೆದು ಅದೇ ದಿನ ಧನುರ್ವಾಯುವಿನ ಚುಚ್ಚುಮದ್ದು ವಿಚಾರಿಸಿ.

ಕ್ಯಾಮೆರಾವನ್ನು ನೇರ ಎಸಿ ಕೋಣೆಗೆ ಒಯ್ಯಬೇಡಿ, ಎಸಿ ಕಾರಿನಿಂದ ನೇರ ಹೊರಗೂ ತೆಗೆಯಬೇಡಿ. ಚೀಲದ ಜಿಪ್ಪು ಹಾಕಿಟ್ಟು ಅರ್ಧ ತಾಸು ಬಿಟ್ಟರೆ ಲೆನ್ಸಿಗೆ ಬೆವರು ಕೂರುವುದಿಲ್ಲ. ಉಪ್ಪುಗಾಳಿ ತಾಗಿದ ಮೈಯನ್ನು ಸಿಹಿನೀರಲ್ಲಿ ಹಿಂಡಿದ ಬಟ್ಟೆಯಿಂದ, ಆಮೇಲೆ ಒಣಬಟ್ಟೆಯಿಂದ ಒರೆಸಿ. ಲೆನ್ಸಿನ ಗಾಜಿಗೆ ಮೊದಲು ಬ್ಲೋವರ್, ಆಮೇಲೆ ಬಟ್ಟೆ. ಚಿರೆಕಲ್ಲಿನ ಧೂಳು ಗಾಜನ್ನು ಗೀರುತ್ತದೆ.

ಕರಾವಳಿಯಲ್ಲಿ ಲೆನ್ಸಿಗೆ ಫಂಗಸ್ ಹಿಡಿಯಲು ಒಂದು ಮಳೆಗಾಲ ಸಾಕು. ಡ್ರೈ ಕ್ಯಾಬಿನೆಟ್ ಇಲ್ಲದವರು ರಬ್ಬರ್ ಪಟ್ಟಿಯ ಬಿಗಿ ಮುಚ್ಚಳದ ಡಬ್ಬ, 200 ಗ್ರಾಂ ಸಿಲಿಕಾ ಜೆಲ್, ಒಂದು ಚಿಕ್ಕ ಹೈಗ್ರೋಮೀಟರ್ ಇಟ್ಟುಕೊಳ್ಳಿ. ತೇವ 40ರಿಂದ 50 ಪ್ರತಿಶತ ಇರಲಿ, 30ಕ್ಕಿಂತ ಇಳಿದರೆ ರಬ್ಬರ್ ಭಾಗ ಬಿರುಕು ಬಿಡುತ್ತವೆ. ಅಕ್ಕಿ ಹಾಕುವವರಿದ್ದಾರೆ, ಅದರ ತೌಡು ಲೆನ್ಸಿನ ಸಂದಿಗೆ ಇಳಿದು ಫಂಗಸ್ಸಿಗೇ ಊಟವಾಗುತ್ತದೆ. ನೀಲಿ ಜೆಲ್ ಗುಲಾಬಿಗೆ ತಿರುಗಿದಾಗ ಸಣ್ಣ ಉರಿಯಲ್ಲಿ ಮತ್ತೆ ನೀಲಿಯಾಗುವವರೆಗೆ ಬಾಡಿಸಿ, ಆರಿದ ಮೇಲೆ ಡಬ್ಬಕ್ಕೆ ಹಾಕಿ. ಆ ಬಾಣಲೆಯನ್ನು ಅಡುಗೆಗೆ ಬಳಸಬೇಡಿ, ಅದರ ಬಣ್ಣದಲ್ಲಿ ಕೋಬಾಲ್ಟ್ ಇರುತ್ತದೆ.